ತಾಳೆ ನೋಡಿದೆ

ತಾಳೆ ಗುಮಾಸ್ತರಿಗೆ ಒಂದು ಚಾಳಿ. ಮದುವೆಯ ಕರೆಯೋಲೆ ಕೈಗೆ ಬಂದರೆ ಮೊದಲು ತಪ್ಪು ತಿದ್ದಿ, ಆಮೇಲೆ ಯಾರ ಮದುವೆ ಎಂದು ನೋಡುವವರು. ಮೂವತ್ತು ವರ್ಷ ಕಚೇರಿಯ ಕಿಟಕಿ ಪಕ್ಕ ಕೂತು, ಟೈಪಾಗಿ ಬಂದ ಹಾಳೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ತಿದ್ದಿದ್ದಕ್ಕೆ ಎರಡು ಸುತ್ತು ಹಾಕಿ, ಮೂಲೆಯಲ್ಲಿ ‘ತಾಳೆ ನೋಡಿದೆ’ ಎಂದು ಬರೆದದ್ದೇ ಅವರ ಉದ್ಯೋಗ. ಹಾಳೆ ಏತಕ್ಕೆ ಎಂದು ಕೇಳುವ ಉಸಾಬರಿಗೆ ಹೋದವರಲ್ಲ.

ಆ ಕೆಟ್ಟ ವರ್ಷ ಒಂದು ಪಟ್ಟಿ ಬಂತು. ಸರ್ಕಾರಕ್ಕೆ ಬೇಡವಾದ ನಾನೂರ ಹನ್ನೆರಡು ಜನ, ಮನೆ ನಂಬರ್ ಸಮೇತ. ತಮ್ಮದೇ ಬೀದಿಯ ದರ್ಜಿಯ ನಂಬರ್ ೧೭ ಎಂದಿತ್ತು. ಅದು ಬೀಗ ಹಾಕಿದ ಖಾಲಿ ಮನೆ. ಗುಮಾಸ್ತರು ೭೧ ಮಾಡಿದರು. ದ್ವೇಷವೇ? ಛೆ ಛೆ, ತಪ್ಪು ಕಣ್ಣಿಗೆ ಚುಚ್ಚಿತು, ಅಷ್ಟೇ. ಮಾರನೇ ಬೆಳಗ್ಗೆ ಲಾರಿಗಳು ಬಂದವು. ಹೋದವರು ಯಾರೂ ಹಿಂತಿರುಗಲಿಲ್ಲ. ಗುಮಾಸ್ತರಿಗೆ ಬಡ್ತಿ ಸಿಕ್ಕಿತು.

ಇಪ್ಪತ್ತಾರು ವರ್ಷದ ಮೇಲೆ ತನಿಖಾ ಆಯೋಗದ ಅಧಿಕಾರಿಣಿ ಅದೇ ಪಟ್ಟಿ ಹಿಡಿದು ಮನೆಗೆ ಬಂದಳು. ಮೂಲೆಯ ಬರಹವನ್ನು ಗೆದ್ದಲು ತಿಂದಿತ್ತು. ತಿದ್ದಿದವರು ಯಾರೆಂದು ಗೊತ್ತಾದರೆ ಅವರಿಗೆ ಕಟಕಟೆಯೇ ಗತಿ.

“ನೀವು ತಿದ್ದಿದ್ದಾ ಯಜಮಾನ್ರೇ?”

“ಅಯ್ಯೋ, ನಾನಲ್ಲಮ್ಮ! ಆ ವಾರ ನಂಗೆ ಜ್ವರ, ರಜೆ ಹಾಕಿದ್ದೆ. ದರ್ಜಿ ಯಾರೋ ಏನೋ, ಕಂಡೋನೇ ಅಲ್ಲ.”

ಒಳಗೆ ಹೆಂಡತಿ ಪಾತ್ರೆ ಕುಕ್ಕಿದ ಸದ್ದಾಯಿತು. ಅವರು ತೊಟ್ಟಿದ್ದ ಕೋಟು ಆ ದರ್ಜಿ ಹೊಲಿದದ್ದು. ಕೂಲಿ ಬೇಡವೆಂದು, ಪಕ್ಕದ ಮನೆಯವರೆಂದು ಹೊಲಿದುಕೊಟ್ಟಿದ್ದ. ಹೇಳಲಿಕ್ಕೇ ಹೊಟ್ಟೆ ಉರಿಯುತ್ತದೆ.

ಮರುದಿನ ಅಧಿಕಾರಿಣಿ ಹೇಳಿಕೆಯನ್ನು ಟೈಪು ಮಾಡಿಸಿ ತಂದಳು.

“ಓದಿ ಸಹಿ ಹಾಕ್ಬಿಡಿ. ಆಮೇಲೆ ನಿಮ್ಮ ತಂಟೆಗೆ ನಾವು ಬರಲ್ಲ.”

ಗುಮಾಸ್ತರು ನೆಮ್ಮದಿಯ ಉಸಿರುಬಿಟ್ಟು, ಕನ್ನಡಕ ಏರಿಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದರು. ‘ನಾನು ರಜೆಯಲ್ಲಿದೆ’ ಎಂದಿತ್ತು. ಬಿಟ್ಟುಹೋಗಿದ್ದ ಒತ್ತು ಕೊಟ್ಟರು. ಮುಂದೆ, ‘ಮನೆ ನಂಬರ್ ೧೭ರ ದರ್ಜಿಯನ್ನು ನಾನು ಕಂಡಿಲ್ಲ.’ ಥೂ, ಈ ಟೈಪಿಸ್ಟ್‌ಗಳ ಹಣೆಬರಹವೇ ಇಷ್ಟು! ೭೧ ಎಂದು ತಿದ್ದಿ, ಎರಡು ಸುತ್ತು ಹಾಕಿ, ಮೂಲೆಯಲ್ಲಿ ‘ತಾಳೆ ನೋಡಿದೆ’ ಎಂದು ಬರೆದು ಕೊಟ್ಟರು.

ಅಧಿಕಾರಿಣಿ ಹಳೆಯ ಪಟ್ಟಿಯನ್ನು ಚೀಲದಿಂದ ತೆಗೆದು ಪಕ್ಕಕ್ಕಿಟ್ಟಳು. ಅದೇ ಕೆಂಪು, ಅದೇ ಅಂಕೆ, ಅವೇ ಎರಡು ಸುತ್ತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಎರಡನ್ನೂ ನೋಡಿದಳು.

“ರೀ,” ಎಂದಳು, “ಆ ಕೋಟು ಬಿಚ್ಚಿಟ್ಟು ಹೋಗಿ.”