ಹಿಕ್ಕೆಯಕ್ಕ

ಮೊಲಕ್ಕೆ ಗರ್ಭಕೋಶದ ಆಪರೇಷನ್ ಮಾಡಿಸಿ ಮನೆಗೆ ಒಯ್ದವರಿಗೆಲ್ಲ ನಮ್ಮ ಪ್ರಾಣಿ ಆಸ್ಪತ್ರೆಯ ನರ್ಸಮ್ಮ ಬೆಳಿಗ್ಗೆ ಎಂಟಕ್ಕೇ ಫೋನು ಮಾಡುತ್ತಾರೆ, ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ, "ಹಿಕ್ಕೆ ಹಾಕ್ತಾ? ಎಷ್ಟು?" ಎಂದೇ ಶುರು. ಅದಕ್ಕೇ ಅವರು ನಮಗೆಲ್ಲ ಹಿಕ್ಕೆಯಕ್ಕ. ಹೊಟ್ಟೆಗೆ ವಿಶ್ರಾಂತಿ ಸಿಗಲಿ ಎಂದು ಯಾರಾದರೂ ಮೊಲವನ್ನು ಉಪವಾಸ ಕೆಡವಿದರೋ, ಫೋನಿನಲ್ಲೇ ಮುಖದ ನೀರಿಳಿಸುತ್ತಾರೆ: "ಕರುಳು ನಿಂತ್ರೆ ಮೊಲ ಉಳಿಯಲ್ಲ ಕಣ್ರೀ! ಬಾಯಿ ಹತ್ರ ಹುಲ್ಲಿಡಿ!" ನಿನ್ನೆ ಒಬ್ಬ ಯಜಮಾನರು, "ಸುಮ್ನೆ ಮಲಗಿದೆಯಮ್ಮ, ಆರಾಮಾಗಿದೆ" ಎಂದರು. "ಆರಾಮಾ? ನೋವು ನುಂಗ್ಕೊಂಡು ಮಲಗಿದೆ ರೀ ಅದು!" ಎಂದು ಕಿರುಚಿ ಫೋನು ಕುಕ್ಕಿದರು ಹಿಕ್ಕೆಯಕ್ಕ. ಹೋದ ವರ್ಷ ಅವರಿಗೂ ಇದೇ ಆಪರೇಷನ್ ಆಗಿತ್ತು. ಆರನೇ ದಿನಕ್ಕೇ ಕೆಲಸಕ್ಕೆ ಬಂದವರನ್ನು ನಾನು, "ಯಾಕಕ್ಕ, ಇಷ್ಟು ಬೇಗ?" ಎಂದು ಕೇಳಿದ್ದೆ. "ಸುಮ್ನೆ ಮಲಗಿದ್ದೆ," ಎಂದಿದ್ದರು, "ಆರಾಮಾಗಿದಾಳೆ ಅಂದ್ರು ಮನೇಲಿ."