ಪ್ರಸಂಗ ಮುಗಿಯುವ ತನಕದ ಗಡ್ಡ

ದೋಣಿ ಮಗುಚುವ ಹಿಂದಿನ ದಿನ ಸೀತು ಅಂಗಳದ ಕಲ್ಲಿನ ಮೇಲೆ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಗಂಡ ಗೋವರ್ಧನ ಜಗಲಿಯಲ್ಲಿ ಕೂತು ಬರೆಯುತ್ತಿದ್ದ. ಬರೆಯುತ್ತಿದ್ದ ಅನ್ನುವುದು ಹೆಸರಿಗೆ. ಪೆನ್ನು ಕಿವಿಯ ಮೇಲಿತ್ತು, ಕೈ ಗಡ್ಡದಲ್ಲಿತ್ತು.

ಮಳೆಗಾಲಕ್ಕೆ ಕಡಲು ಎದ್ದು ದೋಣಿ ದಡ ಹತ್ತಿದಾಗ ಅವನು ಒಂದು ಯಕ್ಷಗಾನ ಪ್ರಸಂಗಕ್ಕೆ ಕೈ ಹಾಕಿದ್ದ. ಹಡಗು ಹತ್ತಿ ಹೋದ ಅರಸನ ಕಥೆ. ಹಾಡುವ ಪದ ದಿನಕ್ಕೆ ಎರಡು ಎಂದು ಲೆಕ್ಕ ಹಾಕಿ, ಕಡಲು ಕಾಯುವ ದೈವ ಬೊಬ್ಬರ್ಯನ ಎದುರು ನಿಂತು ಹೇಳಿಕೊಂಡಿದ್ದ: ಕೊನೆಯ ಮಂಗಳ ಪದ ಬರೆಯುವ ತನಕ ಗಡ್ಡ ತೆಗೆಯುವುದಿಲ್ಲ. ಎರಡು ಪದ ಒಂದಾಯಿತು. ಒಂದು ಪದ ಒಂದು ಗೆರೆಯಾಯಿತು. ಆಮೇಲೆ ಬೆಳೆದದ್ದು ಗಡ್ಡ ಮಾತ್ರ.

ಹೆಂಡತಿ ಬಸುರಿಯಾದರೆ ಗಂಡಸು ಗಡ್ಡ ಬಿಡುತ್ತಾನೆ. ಮನೆಯಲ್ಲಿ ಸಾವಾದರೆ ಬಿಡುತ್ತಾನೆ. ಮೂರನೆಯ ಕಾರಣ ಊರಿಗೆ ಗೊತ್ತಿರಲಿಲ್ಲ.

"ಹ್ವಾಯ್ ಗೋವರ್ಧನ," ನೆರೆಮನೆಯ ಚಂದಯ್ಯ ಬೇಲಿಯಾಚೆ ನಿಂತು ಕರೆದ, "ಸೀತಕ್ಕನಿಗೆ ಎಷ್ಟ್ ತಿಂಗ್ಳಾ?"

ಸೀತು ತಲೆ ಎತ್ತಲಿಲ್ಲ. "ಹೆರುಕೆ ನಿಮ್ಮನಿಗೇ ಬತ್ತೆ ಚಂದಯ್ಯಣ್ಣ. ತೊಟ್ಲ್ ತೊಳ್ದಿಡಿ."

ಚಂದಯ್ಯ ನಗುತ್ತ ಹೋದ. ಅವಳು ನಗಲಿಲ್ಲ. ಸಾವಿಲ್ಲದ ಮನೆಯಲ್ಲಿ ಸೂತಕದ ಮುಖ ಕೂತಿರುವುದು ಅವಳಿಗೆ ಸರಿಬರಲಿಲ್ಲ.

"ನಾಳೆ ದೋಣಿ ಇಳಿಸ್ತ್ರಿ. ಈ ಮುಖ ಹೊತ್ಕಂಡ್ ಹೋಪುದಾ? ಎಂತದೋ ಒಂದ್ ಬರ್ದ್ ಮುಗ್ಸಿ."

"ಅರಸ ಸತ್ತದ್ ರಾಣಿಗ್ ಗೊತ್ತಾಯ್ತ್ ಕಾಣ್. ಅವ್ಳ್ ಎಂತ ಹೇಳ್ಕ್? ಅದೇ ಸಿಕ್ಕುದಿಲ್ಲೆ."

"ಅಳ್ಲಿ."

"ಅತ್ರೆ ಸಾಕಾ ಮಾರಾಯ್ತಿ? ತಾಳಕ್ಕೆ ಅಳ್ಕ್."

ಮರುದಿನ ಹೊಳೆ ಕಡಲಿಗೆ ಬೀಳುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಗೋವರ್ಧನನನ್ನು ಕಡಲು ಆಮೇಲೆ ತ್ರಾಸಿಯ ಮರಳಿಗೆ ತಂದು ಹಾಕಿತು. ಕ್ಷೌರದವನನ್ನು ಕರೆಸುವ ಮಾತು ಬಂದಾಗ ಗೋವರ್ಧನನ ಅಕ್ಕ ಹರಿಣಾಕ್ಷಿ ಅಡ್ಡ ಬಂದಳು.

"ಬ್ಯಾಡ. ಹೇಳ್ಕಂಡದ್ ತೀರ್ಲಿಲ್ಲ."

ಗಡ್ಡದ ಸಮೇತ ಸುಟ್ಟರು.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮೇಲೆ ಹರಿಣಾಕ್ಷಿ ಎಲೆ ಅಡಿಕೆ ಅಗಿಯುತ್ತ ಹೇಳಿದಳು: "ಸತ್ತವ್ನ ಹರಕೆ ಸುಡುದಿಲ್ಲೆ ಸೀತು. ಮನಿಯವ್ರ ತಲಿ ಮೇಲೆ ಕೂಕಂತ್. ನಿನ್ ಮಗ ಕಡ್ಲಿಗ್ ಹೋಪವ."

ಇರುವವನು ಒಬ್ಬನೇ ಮಗ, ಯತೀಶ. "ಬೊಬ್ಬರ್ಯನಿಗೆ ಅಪ್ಪಯ್ಯನ ಪದ ಎಂತಕೆ ಅತ್ತೆ? ಕೋಳಿ ಸಾಕಲ್ದಾ?" ಎಂದ. ಯಾರೂ ನಗಲಿಲ್ಲ. ವಾರ ಕಳೆದು ಅವನು ಬೇರೆಯವರ ದೋಣಿ ಹತ್ತಿದ.

ಮೇಳದಲ್ಲಿ ಹಾಡುವ ಭಾಗವತ ಪ್ರೇಮಾನಂದ ಪ್ರಸಂಗ ಕೇಳಿಕೊಂಡು ಬಂದ. ಪೂರ್ತಿ ಓದಿ ಹಾಳೆಗಳನ್ನು ಸೀತುವಿನ ಕೈಗಿತ್ತ. "ಅತ್ತಿಗೆ, ರಾಣಿ ಬಾಯಿ ಬಿಟ್ರೆ ಮುಗೀತ್. ಕೊಡಿ, ನಾಕ್ ಪದ ನಾನೇ ಹಾಕ್ತೆ."

ಸೀತು ಕೊಡಲು ಕೈ ನೀಡಿದಳು. ಹಾಗೇ ಹಿಂದೆಳೆದುಕೊಂಡಳು. ಹೊರಗಿನವರು ಮುಗಿಸಿದರೆ ಹರಕೆ ತೀರುತ್ತದೆಯೇ?

"ನಾನ್ ಬರಿತೆ," ಎಂದಳು. ಓದಿದ್ದು ನಾಲ್ಕನೇ ಕ್ಲಾಸು.

"ನಿಮ್ಗ್ ಆತ್ತಾ?"

"ಮೀನ್ ಮಾರುಕೂ ಹುಟ್ತಾ ಕಲ್ತ್ ಬರ್ಲಿಲ್ಲ."

ದಿನಕ್ಕೆ ಎರಡು ಪದದ ಆಸೆ ಅವಳಿಗೆ ಇರಲಿಲ್ಲ. ಒಂದು ಗೆರೆ ಸಾಕು. ಬುಟ್ಟಿ ಹೊತ್ತು ಮನೆ ಮನೆ ತಿರುಗುವಾಗ ರಾಣಿಯ ಮಾತನ್ನು ಬಾಯಲ್ಲೇ ಉರುಳಿಸಿದಳು. ಮನೆಗೆ ಬಂದು ಅಕ್ಷರ ಕೂಡಿಸಿದಳು. ಪ್ರೇಮಾನಂದ ಮತ್ತೆ ಬಂದಾಗ ಓದಿದಳು. ಅವನು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಬಡಿದ. ಬೆರಳು ಎಡವಿತು, ನಿಂತಿತು.

"ಇದ್ ಅಳು ಅತ್ತಿಗೆ. ಪದ ಅಲ್ಲ."

ಎಲ್ಲವನ್ನೂ ಹೊಡೆದು ಹಾಕಿದಳು. ಮತ್ತೆ ಬರೆದಳು, ಮತ್ತೆ ಹೊಡೆದಳು. ದೀಪಾವಳಿ ಕಳೆಯಿತು. ಮೇಳ ಬೇರೆ ಪ್ರಸಂಗ ಹಿಡಿದು ತಿರುಗಾಟಕ್ಕೆ ಹೊರಟಿತು. "ಬಪ್ಪ ವರ್ಷ ಆಡುವ," ಎಂದ ಪ್ರೇಮಾನಂದ. ಮೇಳಕ್ಕೆ ಬರುವ ವರ್ಷವಾದರೂ ಆದೀತು. ಯತೀಶ ದಿನಾ ಕಡಲಿಗೆ ಹೋಗುತ್ತಿದ್ದ.

ಒಂದು ದಿನ ಸೀತುವಿಗೆ ಜ್ವರ. ಗೆರೆ ಬೀಳಲಿಲ್ಲ. ಆ ದಿನವೇ ದೋಣಿಯ ಎಂಜಿನ್ ನಡುಗಡಲಲ್ಲಿ ನಿಂತಿತು. ಬೇರೆ ದೋಣಿಯವರು ಎಳೆದು ತಂದರು. ಯತೀಶ ಹಗ್ಗ ಕುಯ್ದ ಅಂಗೈ ಹಿಡಿದುಕೊಂಡು ಮನೆಗೆ ಬಂದ. ಕಾಗದ ಇಟ್ಟಿದ್ದ ಕಡೆ ಒಮ್ಮೆ ನೋಡಿದ; ಹೊಸ ಗೆರೆ ಇರಲಿಲ್ಲ.

ಆಮೇಲೆ ಅವನ ಕೆನ್ನೆ ಕಪ್ಪಾಗುತ್ತ ಬಂತು. ಮೊದಲು ಸೋಮಾರಿತನ ಅಂದುಕೊಂಡಳು. ಒಂದು ಸಂಜೆ ಬುಟ್ಟಿ ಇಳಿಸಿ ನೆಟ್ಟಗೆ ನೋಡಿದಳು.

"ಗಡ್ಡ ತೆಗುಕೆ ಎಂತ ಆಯ್ತಾ ನಿಂಗೆ?"

ಯತೀಶ ಬಲೆಯ ಹರುಕು ಹೊಲಿಯುತ್ತಿದ್ದ.

"ನಾನೂ ಹೇಳ್ಕಂಡೆ."

"ಯಾರ್ ಕೇಂಡಿರ್ ನಿನ್ ಹತ್ರ? ನಿಂಗ್ ಮಂಡೆ ಸಮ ಇತ್ತಾ?"

"ನೀನ್ ಬರಿ ಅಮ್ಮ," ಎಂದ. ಅಷ್ಟೇ.

ಈಗ ಎರಡನೆಯ ಮಳೆಗಾಲ ಕಳೆದಿದೆ. ರಾಣಿ ಇನ್ನೂ ಮಾತು ಮುಗಿಸಿಲ್ಲ. ಪ್ರೇಮಾನಂದನ ಬೆರಳು ಎಡವದೆ ದಾಟಿದ್ದು ಮೂರು ಗೆರೆ ಮಾತ್ರ.

ಬೆಳಕು ಹರಿಯುವ ಮೊದಲು ಸೀತು ಎದ್ದು ಒಲೆಯ ಮೇಲೆ ಗಂಜಿ ಇಡುತ್ತಾಳೆ. ಹುಣಸೆಹುಳಿ ತಿಕ್ಕಿ ಕೈಯ ಮೀನಿನ ವಾಸನೆ ತೊಳೆಯುತ್ತಾಳೆ. ವಾಸನೆ ಉಳಿದರೆ ಬೆಕ್ಕು ಹಾಳೆ ನೆಕ್ಕುತ್ತದೆ. ಬರೆಯಲು ಕೂರುತ್ತಾಳೆ. ಯತೀಶ ಖಾಲಿ ಬಟ್ಟಲಿನ ಮುಂದೆ ಕಾಯುತ್ತಾನೆ. ಕಡಲ ಕಡೆಯಿಂದ ಕೂಗು ಬರುತ್ತದೆ, "ಹ್ವಾಯ್ ಯತೀಶಾ, ನಾವ್ ಹೊರಟ್ವಾ!" ಅವನು ಏಳುವುದಿಲ್ಲ. ಅವಳೂ ತಲೆ ಎತ್ತುವುದಿಲ್ಲ. ಸರಿಯೋ ತಪ್ಪೋ, ಒಂದು ಗೆರೆ ಬಿದ್ದ ಮೇಲೆಯೇ ಎದ್ದು ಮಗನಿಗೆ ಗಂಜಿ ಬಡಿಸುತ್ತಾಳೆ.