ಎಡಗಿವಿ

ನನ್ನ ನಾದಿನಿ ಪೈಲಟ್. ಕಂಪನಿಯ ಲೆಕ್ಕದಲ್ಲಿ ಮಾತ್ರ ಇನ್ನೂ ಟ್ರೈನಿ. ಎರಡು ವರ್ಷದಿಂದ ಜನ ತುಂಬಿದ ವಿಮಾನವನ್ನೇ ಹಾರಿಸುತ್ತಿದ್ದರೂ ಕೊಡುತ್ತಿದ್ದುದು ಅರ್ಧ ಸಂಬಳ. ನಡುವೆ ಬಿಟ್ಟರೆ ತರಬೇತಿಯ ಖರ್ಚನ್ನೆಲ್ಲ ಕಕ್ಕಬೇಕೆಂದು ಬಾಂಡ್ ಬರೆಸಿಕೊಂಡಿದ್ದರು. ಅದಕ್ಕೆ ಜಾಮೀನು ನನ್ನ ಗಂಡ, ಅವನ ವೆಲ್ಡಿಂಗ್ ಶೆಡ್ಡು. ನನ್ನ ಗಂಡನಿಗೆ ಬಾಯಿಗಿಂತ ಕೈ ಮುಂದು. ಕಬ್ಬಿಣ ಬಗ್ಗಿಸುವ ಕೈ; ಮನೆಯವರನ್ನೂ ಅದರಲ್ಲೇ ಬಗ್ಗಿಸುತ್ತಾನೆ.

ಆ ಮಧ್ಯಾಹ್ನ ಅವಳು ಯೂನಿಫಾರ್ಮಿನಲ್ಲೇ ಶೆಡ್ಡಿಗೆ ಬಂದಳು.

“ಅಣ್ಣಾ, ಕೆಲಸ ಬಿಡ್ತೀನಿ. ಜ್ವರ ಅಂದ್ರೂ ಹಾರಿಸು ಅಂತಾರೆ. ಒಂದಿನ ಅಷ್ಟೂ ಜನಾನ ಸಾಯಿಸಿಬಿಡ್ತೀನಿ.”

“ಬಿಡ್ತೀಯಾ? ನನ್ ಶೆಡ್ಡು ನಿಮ್ಮಪ್ಪ ಬಿಡಿಸ್ಕೊಡ್ತಾನಾ?”

ಇಬ್ಬರಿಗೂ ಅಪ್ಪ ಒಬ್ಬನೇ ಎನ್ನುವುದು ಸಿಟ್ಟಿನಲ್ಲಿ ಅವನಿಗೆ ಮರೆತಿತ್ತು.

“ಹಾಗಾದ್ರೆ ನೀನೇ ಹೋಗಿ ಹಾರಿಸು,” ಎಂದಳು.

ಬಾರಿಸಿದ. ಏಟು ಕಿವಿಯ ಮೇಲೆ ಬಿತ್ತು. ಅವಳು ಗ್ರಿಲ್ಲುಗಳ ರಾಶಿಯ ಮೇಲೆ ಉರುಳಿದಳು. ಏಳುವ ಮುಂಚೆಯೇ ಜಡೆ ಹಿಡಿದೆಳೆದು ಅದೇ ಜಾಗಕ್ಕೆ ಇನ್ನೊಂದು ಬಿಟ್ಟ. ಅಡ್ಡ ಹೋದ ನನಗೂ ಬಿತ್ತು.

ಕಿವಿಯಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಅವಳು ಅಳಲಿಲ್ಲ. ವಿಮಾನ ಇಳಿಸುವಾಗ ಕಿವಿ ಕಟ್ಟಿಕೊಂಡರೆ ಮಾಡುವ ಹಾಗೆ ಮೂಗು ಹಿಡಿದು ಊದಿದಳು. ಕಿವಿಯಿಂದ ಗಾಳಿ ಸುಯ್ಯೆಂದು ಹೊರಬಂತು.

“ಕಿವಿ ತಮಟೆ ಹರೀತು. ಇನ್ನು ಮೆಡಿಕಲ್‌ನಲ್ಲಿ ಪಾಸಾಗಲ್ಲ,” ಎಂದಳು. ಕಂಪನಿಯನ್ನು ಎಷ್ಟು ಬೈದರೂ ಹಾರುವುದೆಂದರೆ ಅವಳಿಗೆ ಪ್ರಾಣ. ಆಗ ಅತ್ತಳು.

ಮಾರನೆಯ ದಿನ ಕಂಪನಿ ಡಾಕ್ಟರ ಹತ್ತಿರ ಹೋಗುವಾಗ ದಾರಿಯುದ್ದಕ್ಕೂ ನನ್ನ ಗಂಡ ಬೆಣ್ಣೆಯಾಗಿದ್ದ.

“ವಿಮಾನ ಇಳಿಸೋವಾಗ ಒಡೀತು ಅನ್ನು, ತಾಯಿ. ಆಗ ಕಂಪನೀದೇ ಹೊಣೆ. ಮನೇಲಾಯ್ತು ಅಂದ್ರೆ ಬಾಂಡ್ ದುಡ್ಡು ನಾವೇ ಕಟ್ಬೇಕು, ಶೆಡ್ಡು ಹೋಗುತ್ತೆ.”

ಆ ಶೆಡ್ಡು ನನ್ನ ಅನ್ನವೂ ಹೌದು. ಆದರೂ ಇವಳು ಆ ಸುಳ್ಳು ಹೇಳದಿರಲಿ ಎಂದು ಹಲ್ಲು ಕಚ್ಚಿಕೊಂಡು ನಡೆದೆ.

ಡಾಕ್ಟರು ಕಿವಿಗೆ ಬೆಳಕು ಬಿಟ್ಟು ನೋಡಿ, “ಹೇಗಾಯ್ತಮ್ಮಾ?” ಎಂದರು.

ಅವಳು ನನ್ನ ಮುಖ ನೋಡಿದಳು. “ಅಣ್ಣ ಹೊಡೆದ.”

“ಸುಳ್ಳು ಸರ್! ಹೆಣ್ಮಕ್ಕಳ ಮೇಲೆ ಕೈ ಮಾಡೋನಲ್ಲ ನಾನು!” ಗಂಡ ಎಗರಿದ.

ಡಾಕ್ಟರು ನನ್ನ ಕಡೆ ತಿರುಗಿದರು. “ನೀವು ನೋಡಿದ್ರಾ?”

ನಾನು ಎದ್ದು, ಕೂದಲು ಹಿಂದಕ್ಕೆ ಸರಿಸಿ, ಅವರ ಮುಂದೆ ಹೋಗಿ ಕೂತೆ.

“ನನ್ ಎಡಗಿವೀನೂ ಒಂದ್ಸಲ ನೋಡಿ ಡಾಕ್ಟ್ರೇ. ಮದುವೆಯಾದ ವರ್ಷದಿಂದ ಕೇಳಿಸ್ತಿಲ್ಲ.”